ಬಗ್ಗಿದ ಡೈಕ್, ಬಗ್ಗದ ಡೈಕ್: ದೆಂಕಣಿಕೋಟೆ ಸೀಮೆಯ ಒಂದು ಬಂಡೆಯ ಪ್ರಕರಣ ಅಧ್ಯಯನ

ಪ್ರಶ್ನೆ ಹುಟ್ಟಿದ್ದು ವ್ಯಾಪಾರದ ಲೆಕ್ಕದಿಂದ. ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯ ದೆಂಕಣಿಕೋಟೆ ಸೀಮೆಯಲ್ಲಿ, ಕನ್ನಡ, ತೆಲುಗು, ತಮಿಳು ಮೂರೂ ಒಂದೇ ಜಗಲಿಯ ಮೇಲೆ ಕೇಳಿಬರುವ ಹಳ್ಳಿಯೊಂದರ ಪಕ್ಕದಲ್ಲಿ ಕಪ್ಪು ಗ್ರಾನೈಟ್ ಕ್ವಾರಿಯಿದೆ. ಪೂರ್ವದ ಗುಂಡಿಯಲ್ಲಿ ವರ್ಷಗಳಿಂದ ಒಳ್ಳೆಯ ದಿಮ್ಮಿಗಳು ಬರುತ್ತಿವೆ. ಅಲ್ಲಿನ ಕರಿಕಲ್ಲು ಪೂರ್ವ–ಪಶ್ಚಿಮವಾಗಿ ನೆಟ್ಟಗೆ ಸಾಗುತ್ತದೆ. ಅದಕ್ಕೆ ತುಸು ದೂರದಲ್ಲಿ, ಹಳ್ಳಿಯವರು ರಾಗಿ, ಹುರುಳಿ ಬಡಿಯಲು ಕಣವಾಗಿ ಬಳಸುವ ದೊಡ್ಡ ಹಾಸುಬಂಡೆಯ ಅಂಚಿನಲ್ಲಿ, ಇನ್ನೊಂದು ಕಪ್ಪು ಪಟ್ಟಿ ಈಶಾನ್ಯಕ್ಕೆ ಮುಖಮಾಡಿ ಕಾಣಿಸುತ್ತದೆ. ನಾಲ್ಕು ಮೀಟರ್ ದಪ್ಪದ ಪಟ್ಟಿ. ಗುತ್ತಿಗೆದಾರರು ಆಸೆಪಟ್ಟು ಅಲ್ಲೂ ಗುಂಡಿ ತೆಗೆದರು. ಮೊದಲು ಕಲ್ಲು ಸಿಕ್ಕಿತು. ಆಮೇಲೆ ಪಟ್ಟಿ ತೆಳ್ಳಗಾಯಿತು, ತಿರುಗಿತು, ಕೊನೆಗೆ ತುಂಡುತುಂಡಾಯಿತು. ಬಂಡವಾಳ ಹಾಕಿದ್ದವರಿಗೆ ಅದು ಎಲ್ಲಿಗೆ ಹೋಯಿತೆಂಬುದೇ ತಿಳಿಯಲಿಲ್ಲ. ಗುತ್ತಿಗೆಯನ್ನು ಇನ್ನೂ ಉತ್ತರಕ್ಕೆ ವಿಸ್ತರಿಸಿ ಪೊರಂಬೋಕು ಎಂಬ ಸರ್ಕಾರಿ ಜಮೀನಿನಲ್ಲಿರುವ ಹಾಸುಬಂಡೆಯನ್ನೇ ಒಡೆದು ನೋಡುವ ಯೋಚನೆ ಅವರದಾಗಿತ್ತು.

ನಾನು ಭೂವಿಜ್ಞಾನ ಪಾಠ ಹೇಳುವವನು. ಆ ಊರಿನ ಕನ್ನಡದ ಮನೆಗಳಿಂದ ಬರುವ ವಿದ್ಯಾರ್ಥಿಗಳು ನನ್ನನ್ನು ಅಲ್ಲಿಗೆ ಕರೆದೊಯ್ದರು. ಕಲ್ಲು ಒಡೆಯುವುದರಲ್ಲೇ ಆಯುಷ್ಯ ಸವೆಸಿದ ಹಿರಿಯರೊಬ್ಬರು, ವಿದ್ಯಾರ್ಥಿಯೊಬ್ಬನಿಗೆ ಸೋದರಮಾವ, ಗುಂಡಿಯ ಪಕ್ಕ ನಿಂತು ವಿಷಯವನ್ನು ಎರಡೇ ಮಾತಿನಲ್ಲಿ ಹೇಳಿದರು: "ಮೇಷ್ಟ್ರೇ, ಆ ಗುಂಡಿಯ ಕಲ್ಲು ಸಾಲು ಹಿಡಿದು ಹೋಗುತ್ತದೆ. ಇದು ಗಂಟು ಗಂಟಾಗಿ ಹೋಗುತ್ತದೆ. ಸುತ್ತಿಗೆ ಹೊಡೆದರೆ ಅದು ಗಂಟೆಯ ಹಾಗೆ ನುಡಿಯುತ್ತದೆ, ಇದು ಹಾಳೆ ಹಾಳೆಯಾಗಿ ಬಿಡುತ್ತದೆ." "ಹಾಗಾದರೆ ಎರಡೂ ಬೇರೆ ಕಲ್ಲೇ ಮಾವ?" ಎಂದು ಹುಡುಗ ಕೇಳಿದ. ಅವರು ಉತ್ತರ ಹೇಳದೆ ನನ್ನ ಕಡೆ ನೋಡಿದರು. ಈ ಬರಹ ಆ ಹುಡುಗನ ಪ್ರಶ್ನೆಗೆ ಕೊಡುತ್ತಿರುವ ಉತ್ತರ.

ವ್ಯಾಪಾರದಲ್ಲಿ ಕಪ್ಪು ಗ್ರಾನೈಟ್ ಎನ್ನುವ ಕಲ್ಲು ಗ್ರಾನೈಟ್ ಅಲ್ಲ, ಡಾಲರೈಟ್. ಭೂಮಿಯ ಒಳಗಿನಿಂದ ಏರಿದ ಬಸಾಲ್ಟ್ ಜಾತಿಯ ಶಿಲಾಪಾಕ ಮೇಲಿನ ಶಿಲೆಯ ಬಿರುಕಿಗೆ ನುಗ್ಗಿ ಅಲ್ಲಿಯೇ ಗಟ್ಟಿಯಾದರೆ ಅದು ಡೈಕ್. ಬಿರುಕು ಬಾಯಿಬಿಡುವುದು ನೆಲವನ್ನು ಒತ್ತುವ ಬಲ ಅತ್ಯಂತ ಕಡಿಮೆಯಿರುವ ದಿಕ್ಕಿಗೆ. ಹೀಗಾಗಿ ಡೈಕ್ ಹುಟ್ಟುವಾಗ ಅದರ ಎರಡು ಗೋಡೆಗಳೂ ಹೆಚ್ಚುಕಡಿಮೆ ಸಮಾನಾಂತರವಾಗಿರುತ್ತವೆ, ದಪ್ಪ ಬಹುದೂರದವರೆಗೆ ಒಂದೇ ಆಗಿರುತ್ತದೆ. ನಮ್ಮ ಕೆಲಸಕ್ಕೆ ಈ ಗುಣವೇ ಆಧಾರ. ಸುತ್ತಲಿನ ನೈಸ್, ಅಂದರೆ ಆಳದ ಕಾವು ಒತ್ತಡಗಳಿಗೆ ಸಿಕ್ಕಿ ಗೆರೆ ಗೆರೆಯಾದ ಶಿಲೆ, ಹುಟ್ಟಿನಿಂದಲೇ ಸುರುಳಿ ಸುರುಳಿ. ಅದರ ಯಾವ ಸುರುಳಿ ಯಾವ ಕಾಲದ್ದೆಂದು ಹೇಳುವುದು ಕಷ್ಟ. ಡೈಕ್ ಹಾಗಲ್ಲ, ಅದರ ಮೊದಲ ರೂಪ ನಮಗೆ ಗೊತ್ತು. ಈಗ ಅದು ಬೇರೆ ರೂಪದಲ್ಲಿದ್ದರೆ, ಆ ವ್ಯತ್ಯಾಸ ಸಾಮಾನ್ಯವಾಗಿ ಆಮೇಲೆ ನಡೆದ ಒತ್ತಡದ್ದು. ಆ ವ್ಯತ್ಯಾಸವನ್ನು ಅಳೆಯಲೂ ಬಹುದು.

ಈ ಉಪಾಯವನ್ನು ಜಗತ್ತಿಗೆ ಮನವರಿಕೆ ಮಾಡಿಸಿದ್ದು ಸ್ಕಾಟ್ಲೆಂಡಿನ ವಾಯವ್ಯ ಕರಾವಳಿ. ಜಾನ್ ಸಟನ್ ಮತ್ತು ಜಾನೆಟ್ ವಾಟ್ಸನ್ 1951ರಲ್ಲಿ ಅಲ್ಲಿನ ಸ್ಕೌರಿ ಡೈಕ್‌ಗಳನ್ನು ಗಡಿಗಲ್ಲಾಗಿ ಇಟ್ಟುಕೊಂಡು, ಒಂದೇ ಥರ ಕಾಣುವ ನೈಸ್ ರಾಶಿಯನ್ನು ಎರಡು ಪರ್ವತಜನನ ಕಾಲಗಳಿಗೆ ಹಂಚಿದರು. ಡೈಕ್‌ಗಳು ಕತ್ತರಿಸಿದ ಮಡಿಕೆಗಳು ಹಿಂದಿನವು, ಡೈಕ್‌ಗಳನ್ನೇ ಮಡಿಸಿದವು ಮುಂದಿನವು. ಶಿಲೆಗಳ ವಯಸ್ಸನ್ನು ಪ್ರಯೋಗಾಲಯದಲ್ಲಿ ಅಳೆಯುವ ವಿದ್ಯೆ ಆಗಿನ್ನೂ ಎಳೆಯದು. ಬರಿಗಣ್ಣು, ಸುತ್ತಿಗೆ, ದಿಕ್ಸೂಚಿ ಹಿಡಿದು ಅವರು ಮಾಡಿದ ವಿಂಗಡಣೆಯ ತಿರುಳನ್ನು ಮುಂದೆ ಬಂದ ವಯಸ್ಸಿನ ಅಳತೆಗಳು ಎತ್ತಿಹಿಡಿದವು. ಗ್ರೀನ್‌ಲೆಂಡಿನ ನೂಕ್ ಪ್ರದೇಶದಲ್ಲಿ ವಿಕ್ ಮೆಕ್‌ಗ್ರೆಗರ್ ಇದೇ ದಾರಿ ಹಿಡಿದರು. ಅಮೆರಾಲಿಕ್ ಡೈಕ್‌ಗಳಿರುವ ನೈಸ್ ಹಳೆಯದು, ಇಲ್ಲದ್ದು ಹೊಸದು ಎಂದು ಅವರು ಬೇರ್ಪಡಿಸಿದ ಹಳೆಯ ಭಾಗ ಮುಂದೆ 370 ಕೋಟಿ ವರ್ಷದ ಆಸುಪಾಸಿನದೆಂದು ತಿಳಿದುಬಂತು. ಕರ್ನಾಟಕ ಮತ್ತು ನೆರೆಯ ಸೀಮೆಗಳ ಅಡಿಯಲ್ಲಿರುವ ಪುರಾತನ ಶಿಲಾಖಂಡದಲ್ಲಿ, ಅಂದರೆ ನಮ್ಮ ಧಾರವಾಡ ಭೂಖಂಡದಲ್ಲಿ, ಡೈಕ್‌ಗಳಿಗೆ ಬರವಿಲ್ಲ. ಹಾಗಿದ್ದೂ ಅವುಗಳನ್ನು ನಾವು ಹೆಚ್ಚಾಗಿ ಅಡುಗೆಮನೆಯ ಕಟ್ಟೆಯಾಗಿ, ಗೋರಿಕಲ್ಲಾಗಿ ಮಾತ್ರ ಬಲ್ಲೆವು. ಈ ಮಾತು ನನ್ನನ್ನು ಬಹುಕಾಲದಿಂದ ಕಾಡುತ್ತಿದೆ.

ಬಂಡೆಗೆ ಬರೋಣ. ಎಲ್ಲಕ್ಕಿಂತ ಮೊದಲು ತೀರ್ಮಾನವಾಗಬೇಕಾದ ವಿಷಯ: ಈಶಾನ್ಯದ ಆ ಕಪ್ಪು ಪಟ್ಟಿ ನಿಜವಾಗಿ ಡೈಕ್ ಹೌದೇ? ನೈಸ್ ಒಳಗೆ ಕಪ್ಪು ಪಟ್ಟಿಗಳು ಬೇರೆ ಕಾರಣಕ್ಕೂ ಇರುತ್ತವೆ. ಕೋಲಾರದ ಚಿನ್ನದ ಶಿಲಾಪಟ್ಟಿಯ ದಕ್ಷಿಣದ ತುದಿ ಇದೇ ಜಿಲ್ಲೆಯೊಳಗೆ ಬರುತ್ತದೆ. ಅಂಥ ಪುರಾತನ ಲಾವಾದ ಚೂರುಗಳು ನೈಸ್‌ನಲ್ಲಿ ಸಿಕ್ಕಿ, ಚಪ್ಪಟೆಯಾಗಿ, ಥೇಟ್ ಡೈಕ್‌ನಂತೆ ತೋರುತ್ತವೆ. ಅವು ನೈಸ್‌ಗಿಂತ ಹಳೆಯವು. ಅವುಗಳನ್ನು ಡೈಕ್ ಎಂದು ಬಗೆದರೆ ಇಡೀ ಕಥೆ ತಲೆಕೆಳಗಾಗುತ್ತದೆ. ಭೇದ ತಿಳಿಯುವ ಮುಖ್ಯ ಗುರುತು ಇದು: ಪಟ್ಟಿ ನೈಸ್‌ನ ಗೆರೆಗಳನ್ನು ಎಲ್ಲಿಯಾದರೂ ಅಡ್ಡ ಕತ್ತರಿಸಬೇಕು. ಜೊತೆಜೊತೆಗೆ ಸಾಗಿದರೆ ಸಾಲದು.

ಆ ಜಾಗ ಸಿಕ್ಕಿದ್ದು ಹಾಸುಬಂಡೆಯ ನೈಋತ್ಯ ಮೂಲೆಯಲ್ಲಿ, ಕಣದ ಹೊಟ್ಟು ಗುಡಿಸಿದ ಮೇಲೆ. ನೈಸ್‌ನ ಬಿಳಿ, ಬೂದು ಗೆರೆಗಳು ಅಲ್ಲಿ ಉತ್ತರ–ದಕ್ಷಿಣವಾಗಿ ಓಡುತ್ತವೆ. ಬೆರಳಗಲದ ಒಂದು ಬಿಳಿ ಗೆರೆ ಸಣ್ಣ ಮಡಿಕೆಯೊಂದನ್ನು ಸುತ್ತಿಕೊಂಡು ಬಂದು, ಕರಿಕಲ್ಲಿನ ಅಂಚಿಗೆ ತಾಗಿದ ಕಡೆ ತಟ್ಟನೆ ನಿಂತುಬಿಡುತ್ತದೆ. ಮಡಿಕೆಯ ಅರ್ಧ ಈಚೆಗಿದೆ, ಉಳಿದರ್ಧ ನಾಲ್ಕು ಮೀಟರ್ ಆಚೆ, ಡೈಕ್‌ನ ಎದುರು ಗೋಡೆಯಲ್ಲಿದೆ. ನಡುವಿನ ಕರಿಕಲ್ಲನ್ನು ಮನಸ್ಸಿನಲ್ಲಿಯೇ ತೆಗೆದು ಎರಡು ಗೋಡೆಗಳನ್ನು ಕೂಡಿಸಿದರೆ ಮಡಿಕೆ ಪೂರ್ತಿಯಾಗುತ್ತದೆ. ಕರಿಕಲ್ಲಿನ ಅಂಚಿಗೆ ಭೂತಗನ್ನಡಿ ಹಿಡಿದರೆ ಹರಳುಗಳು ಕಣ್ಣಿಗೆ ಸಿಗದಷ್ಟು ಸಣ್ಣವು. ಒಳಕ್ಕೆ ಸರಿದಂತೆ ದೊಡ್ಡವಾಗುತ್ತವೆ. ಬಿಸಿ ಪಾಕ ತಣ್ಣನೆಯ ಗೋಡೆಗೆ ತಾಗಿ ಬೇಗ ಗಟ್ಟಿಯಾದ ಅಂಚು ಅದು. ಹಾಗಾಗಿ ಇದು ಡೈಕ್ ಎಂಬುದರಲ್ಲಿ ಅನುಮಾನ ಉಳಿಯಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಡೈಕ್ ಬರುವ ಮೊದಲೇ ನೈಸ್ ಒಮ್ಮೆ ಮಡಿದಿತ್ತು ಎಂಬುದೂ ಸಿದ್ಧವಾಯಿತು. ಅದು ಮೊದಲ ಘಟನೆ.

ಈ ಡೈಕ್‌ನ ಬೆನ್ನು ಹಿಡಿದು ಈಶಾನ್ಯಕ್ಕೆ ನಡೆದರೆ ಬಂಡೆಯ ನಡುವೆ ಸುಮಾರು 30 ಮೀಟರ್ ಅಗಲದ ಉತ್ತರ–ದಕ್ಷಿಣದ ಪಟ್ಟೆಯೊಂದು ಎದುರಾಗುತ್ತದೆ. ಅದರೊಳಗೆ ನೈಸ್‌ನ ಸುರುಳಿಗಳು ಮಾಯವಾಗಿ, ಗೆರೆಗಳು ಬಿಗಿಯಾಗಿ ಒತ್ತಿಕೊಂಡು ಒಂದೇ ದಿಕ್ಕಿಗೆ ಓಡುತ್ತವೆ. ಭೂವಿಜ್ಞಾನಿಗಳು ಇದನ್ನು ಶಿಯರ್ ವಲಯ ಎನ್ನುತ್ತಾರೆ. ಒಂದು ಬದಿಯ ನೆಲ ಇನ್ನೊಂದು ಬದಿಯನ್ನು ಉಜ್ಜಿಕೊಂಡು ಜಾರಿದ ಜಾಗ. ಆಳದಲ್ಲಿ, ಕಾವಿನಲ್ಲಿ ನಡೆದುದರಿಂದ ಶಿಲೆ ಒಡೆಯದೆ ಹರಿದಿದೆ. ಡೈಕ್ ಈ ಪಟ್ಟೆಯ ಹೊರಗೆ ಪಟ್ಟೆಯ ದಿಕ್ಕಿಗೆ 60 ಡಿಗ್ರಿ ಕೋನದಲ್ಲಿದೆ. ಒಳಗೆ ಕಾಲಿಟ್ಟೊಡನೆ ಉತ್ತರಕ್ಕೆ ವಾಲತೊಡಗುತ್ತದೆ. ಅಂಚಿಗೂ ನಡುಮಧ್ಯಕ್ಕೂ ಅರ್ಧದಾರಿಯಲ್ಲಿ ಕೋನ 12 ಡಿಗ್ರಿಗೆ ಇಳಿದಿದೆ, ದಪ್ಪ ನಾಲ್ಕು ಮೀಟರ್‌ನಿಂದ 1.1 ಮೀಟರ್‌ಗೆ ಇಳಿದಿದೆ. ಪಟ್ಟೆಯ ನಡುಮಧ್ಯದಲ್ಲಿ, ಗುತ್ತಿಗೆದಾರರ ಗುಂಡಿ ಸೋತ ಕಡೆ, ಡೈಕ್ ಎರಡು ಮೂರು ಮೀಟರ್ ಉದ್ದದ ಗಂಟುಗಳಾಗಿ ಹರಿದುಹೋಗಿದೆ. ಗಂಟಿಗೂ ಗಂಟಿಗೂ ನಡುವೆ ಬಿಳಿಯ ಕ್ವಾರ್ಟ್ಸ್ ತುಂಬಿಕೊಂಡಿದೆ, ನೈಸ್‌ನ ಗೆರೆಗಳು ಆ ಸಂದಿಗೆ ಒಳಬಾಗಿವೆ. ಹೋಳಿಗೆಯ ಮೆತ್ತನೆಯ ಕಣಕದ ನಡುವೆ ಒಣಗಿ ಗಟ್ಟಿಯಾದ ಹೂರಣವಿಟ್ಟು ಲಟ್ಟಿಸಿದರೆ ಕಣಕ ಹರಡುತ್ತದೆ, ಹೂರಣ ತುಂಡಾಗುತ್ತದೆ, ಸಂದಿಗೆ ಕಣಕ ಇಳಿಯುತ್ತದೆ. ಇಲ್ಲಿ ನಡೆದದ್ದೂ ಅದೇ.

"ಕಲ್ಲು ಹುಟ್ಟಿದ್ದೇ ಹೀಗೆ ಇರಬಹುದಲ್ಲ ಸರ್, ಬಿರುಕೇ ಸೊಟ್ಟಗಿದ್ದರೆ?" ಎಂದು ಗುತ್ತಿಗೆದಾರರು ಕೇಳಿದರು. ಒಳ್ಳೆಯ ಪ್ರಶ್ನೆ. ಇದಕ್ಕೆ ಉತ್ತರಿಸದೆ ಮುಂದೆ ಹೋಗುವವರು ಸೊಟ್ಟಗಿನ ಡೈಕ್ ಕಂಡಲ್ಲೆಲ್ಲ ಪರ್ವತ ಕಾಣತೊಡಗುತ್ತಾರೆ. ಹಳೆಯ ಸೀಳುಗಳನ್ನು ಹಿಡಿದು ಅಂಕುಡೊಂಕಾಗಿ ನುಗ್ಗಿದ ಡೈಕ್‌ಗಳು ನಿಜಕ್ಕೂ ಇವೆ. ಆದರೆ ಅವುಗಳಲ್ಲಿ ತಿರುವಿನ ಸುತ್ತಲಿನ ನೈಸ್ ತನ್ನ ಪಾಡಿಗೆ ತಾನು ಇರುತ್ತದೆ, ಡೈಕ್ ಒಳಗಿನ ಹರಳುಗಳು ದಿಕ್ಕಿಲ್ಲದೆ ಹೆಣೆದುಕೊಂಡಿರುತ್ತವೆ. ಇಲ್ಲಿ ನೈಸ್ ಮತ್ತು ಡೈಕ್ ಕೂಡಿಯೇ ತಿರುಗಿವೆ. ಡೈಕ್ ಒಳಗೂ ಹೊಸ ಪದರು ಮೂಡಿದೆ. ಹೊರಗೆ ಪೈರಾಕ್ಸಿನ್ ಮತ್ತು ಫೆಲ್ಡ್‌ಸ್ಪಾರ್ ಎಂಬ ಖನಿಜಗಳು ಹೆಣೆದ ಡಾಲರೈಟ್ ಆಗಿರುವುದು, ಒಳಗೆ ಕಪ್ಪು ಹಾರ್ನ್‌ಬ್ಲೆಂಡ್ ಖನಿಜದ ಸೂಜಿಗಳು ಸಾಲುಗಟ್ಟಿದ ಆಂಫಿಬೊಲೈಟ್ ಆಗಿದೆ. ಆ ಹಿರಿಯರು ಹೇಳಿದ "ಹಾಳೆ ಹಾಳೆ" ಇದೇ. ಹಾರ್ನ್‌ಬ್ಲೆಂಡ್ ಬೆಳೆಯಲು ನೀರು ಬೇಕು, ಕಾವು ಬೇಕು. ಎರಡೂ ಶಿಯರ್ ವಲಯದೊಳಗೆ ದೊರೆತಿವೆ, ಹೊರಗೆ ದೊರೆತಿಲ್ಲ.

ಅನುಮಾನವನ್ನು ಪೂರ್ತಿ ಪರಿಹರಿಸಿದ್ದು ಡೈಕ್‌ನಿಂದ ಒಡೆದ ಒಂದು ಕವಲು. ಅಂಗೈ ಅಗಲದ ಈ ಕವಲು ವಾಯವ್ಯಕ್ಕೆ ಹೋಗಿ ಪಟ್ಟೆಯ ಅಂಚನ್ನು ಹೊಗುತ್ತದೆ. ಅಲ್ಲಿ ಅದು ತುಂಡಾಗಿಲ್ಲ, ಬಿಗಿಯಾಗಿ ಮಡಿಚಿಕೊಂಡಿದೆ. ತಾಯಿ ಡೈಕ್ ಎಳೆತಕ್ಕೆ ಸಿಕ್ಕಿ ಹರಿದಿದೆ, ಕವಲು ಒತ್ತಿಗೆ ಸಿಕ್ಕಿ ಮಡಿದಿದೆ. ಎರಡನ್ನೂ ಮಾಡಿದ್ದು ಒಂದೇ ಜಾರುವಿಕೆ. ಪೂರ್ವದ ನೆಲ ಉತ್ತರಕ್ಕೆ ಜಾರಿದರೆ ಈಶಾನ್ಯಕ್ಕೆ ಮುಖವಿದ್ದದ್ದು ಉದ್ದವಾಗಲೇಬೇಕು, ವಾಯವ್ಯಕ್ಕೆ ಮುಖವಿದ್ದದ್ದು ಮೊದಲಿಗೆ ಗಿಡ್ಡವಾಗಲೇಬೇಕು. ಹುಟ್ಟುವಾಗಲೇ ಸೊಟ್ಟಗಿದ್ದ ಬಿರುಕುಗಳು ಹೀಗೆ ಒಂದು ನಿಯಮಕ್ಕೆ ಬದ್ಧವಾಗಿ ಸೊಟ್ಟಗಾಗುವುದಿಲ್ಲ.

ಈಗ ಲೆಕ್ಕ. ಪದರಿನ ಮೇಲಿನ ಹಾರ್ನ್‌ಬ್ಲೆಂಡ್ ಸೂಜಿಗಳು ಹೆಚ್ಚುಕಡಿಮೆ ಮಟ್ಟಸವಾಗಿ ಮಲಗಿವೆ, ಡೈಕ್ ಕಡಿದಾಗಿ ನಿಂತಿದೆ. ಅಂದರೆ ನೆಲ ಅಡ್ಡಡ್ಡಲಾಗಿ ಜಾರಿದೆ, ಬಂಡೆಯ ಸಮತಟ್ಟು ಮೈಯ ಮೇಲೆ ಅಳೆದ ಕೋನಗಳನ್ನು ನೇರವಾಗಿ ಬಳಸಬಹುದು. ಸರಳ ಶಿಯರ್‌ನಲ್ಲಿ ಹೊಸ ಕೋನದ ಕೋಟ್ಯಾಂಜೆಂಟ್‌ನಿಂದ ಹಳೆಯ ಕೋನದ ಕೋಟ್ಯಾಂಜೆಂಟ್ ಕಳೆದರೆ ಶಿಯರ್ ಪ್ರಮಾಣ ಸಿಗುತ್ತದೆ. 12 ಡಿಗ್ರಿಗೆ 4.70, 60 ಡಿಗ್ರಿಗೆ 0.58. ಕಳೆದರೆ ಸುಮಾರು 4.1. ಅಂದರೆ ಆ ಜಾಗದಲ್ಲಿ ಒಂದು ಮೀಟರ್ ಅಗಲಕ್ಕೆ ನಾಲ್ಕು ಮೀಟರ್‌ಗೂ ಹೆಚ್ಚು ಜಾರಿಕೆಯ ದರ. ಇದು ಸರಿಯೆಂದರೆ ಡೈಕ್‌ನ ದಪ್ಪವೂ ಎರಡು ಕೋನಗಳ ಸೈನ್‌ಗಳ ಅನುಪಾತಕ್ಕೆ ತಕ್ಕಂತೆ ಇಳಿಯಬೇಕು. ಆ ಅನುಪಾತ 0.24. ನಾಲ್ಕು ಮೀಟರ್ ಡೈಕ್ 0.96 ಮೀಟರ್ ಆಗಬೇಕಿತ್ತು. ಅಳತೆ 1.1 ಮೀಟರ್ ತೋರಿಸಿತು. ಸುತ್ತಲಿನ ನೈಸ್‌ಗಿಂತ ಡೈಕ್ ಗಟ್ಟಿ. ಅದು ಲೆಕ್ಕಕ್ಕಿಂತ ತುಸು ಕಡಿಮೆ ತೆಳ್ಳಗಾಗುವುದು ಸಹಜ. ನಡುಮಧ್ಯದಲ್ಲಿ ಅದು ಹಿಗ್ಗದೆ ಹರಿದಿದ್ದಕ್ಕೂ ಇದೇ ಕಾರಣ.

ಇಷ್ಟು ಗೊತ್ತಾದ ಮೇಲೆ ಡೈಕ್‌ನ ಮುಂದುವರಿಕೆ ಎಲ್ಲಿರಬೇಕೆಂದು ಹುಡುಗರು ತಾವೇ ಲೆಕ್ಕ ಹಾಕಿದರು. ಪಟ್ಟೆಯ ಆಚೆ ದಡದಲ್ಲಿ, ಮೊದಲಿನ ನೇರದಲ್ಲಿ ಹುಡುಕಿದರೆ ಬರೀ ನೈಸ್. ಉತ್ತರಕ್ಕೆ ನಡೆದಾಗ, ಒಂದು ರಾಗಿ ಹೊಲದ ಬದುವಿನಲ್ಲಿ, ಅದೇ ನಾಲ್ಕು ಮೀಟರ್ ದಪ್ಪ, ಅದೇ ಸಣ್ಣ ಹರಳಿನ ಅಂಚು, ಅದೇ ಈಶಾನ್ಯದ ಮುಖ ಹೊತ್ತು ಡೈಕ್ ಮತ್ತೆ ಎದ್ದುಬಂತು. ಮೂಲ ನೇರದಿಂದ 135 ಮೀಟರ್ ಉತ್ತರಕ್ಕೆ. 30 ಮೀಟರ್ ಅಗಲಕ್ಕೆ ಹಂಚಿದರೆ ಸರಾಸರಿ ಶಿಯರ್ 4.5. ಅಂಚಿನಲ್ಲಿ ಕಡಿಮೆ, ನಡುವೆ ಬಹಳ ಹೆಚ್ಚು ಎಂದು ಇಟ್ಟುಕೊಂಡರೆ ಅರ್ಧದಾರಿಯ 4.1ಕ್ಕೆ ಇದು ಚೆನ್ನಾಗಿ ಹೊಂದುತ್ತದೆ. ಕೋನ, ದಪ್ಪ, ದೂರ, ಮೂರೂ ಬೇರೆ ಬೇರೆ ಅಳತೆಗಳು. ಮೂರೂ ಒಂದೇ ಮಾತು ಹೇಳಿದಾಗ ಆದ ಸಂತೋಷವನ್ನು ಮುಚ್ಚಿಡಲು ನನಗೆ ಮನಸ್ಸಿಲ್ಲ. ತರಗತಿಯ ಕಪ್ಪುಹಲಗೆಯ ಮೇಲೆ ವರ್ಷವರ್ಷವೂ ಬರೆದು ಅಳಿಸುವ ಸೂತ್ರ, ಹೊಲದ ಬದುವಿನಲ್ಲಿ ಕಲ್ಲಾಗಿ ನಿಂತಿತ್ತು. ಇದು ಎರಡನೆಯ ಘಟನೆ: ಡೈಕ್ ಬಂದ ಮೇಲೆ ನಡೆದ ಶಿಯರ್.

ಮೂರನೆಯದನ್ನು ಹೇಳುವುದು ಪೂರ್ವದ ಗುಂಡಿಯ ಡೈಕ್. ಅದು ಪೂರ್ವ–ಪಶ್ಚಿಮವಾಗಿ ಬಂದು ಇದೇ ಶಿಯರ್ ಪಟ್ಟೆಯನ್ನು ದಾಟುತ್ತದೆ. ದಾಟುವಾಗ ಕೂದಲೆಳೆಯಷ್ಟೂ ಬಾಗುವುದಿಲ್ಲ, ದಪ್ಪ ಬದಲಾಗುವುದಿಲ್ಲ, ಒಳಗೆ ಪದರಿಲ್ಲ. ಪಟ್ಟೆಯ ಬಿಗಿದ ಗೆರೆಗಳನ್ನು ಕತ್ತರಿಸಿಕೊಂಡು ಹೋಗಿದೆ. ಶಿಯರ್ ನಿಂತ ಮೇಲೆ, ನೆಲ ತಣ್ಣಗಾಗಿ ಗಟ್ಟಿಯಾಗಿ ಸೀಳಬಲ್ಲಷ್ಟು ಪೆಡಸಾದ ಮೇಲೆ ಅದು ಬಂದಿದೆ.

ಈ ಮೂರಕ್ಕೆ ವಯಸ್ಸು ಕೂಡಿಸಿದರೆ ಚಿತ್ರ ಅಗಲವಾಗುತ್ತದೆ. ಕೃಷ್ಣಗಿರಿ ಸೀಮೆಯ ಶಿಲೆಗಳು ಸುಮಾರು 250 ಕೋಟಿ ವರ್ಷಗಳ ಹಿಂದೆ ತೀವ್ರ ಕಾವಿಗೆ, ಒತ್ತಡಕ್ಕೆ ಸಿಕ್ಕಿದವು. ಧಾರವಾಡ ಭೂಖಂಡದ ತುಣುಕುಗಳು ಕೂಡಿ ಗಟ್ಟಿಯಾಗುತ್ತಿದ್ದ ಕಾಲವದು. ಇಲ್ಲಿಂದ ದಕ್ಷಿಣಕ್ಕೆ ಧರ್ಮಪುರಿಯ ಕಡೆ ಹೋದಂತೆ ಬೂದು ನೈಸ್ ಹಿಂದೆ ಸರಿದು ಹಸಿರು ಛಾಯೆಯ ಚಾರ್ನೊಕೈಟ್ ಎಂಬ ಶಿಲೆ ಬರುತ್ತದೆ. ಅದು ರೂಪುಗೊಂಡಿತೆಂದು ಅದರ ಖನಿಜಗಳು ಹೇಳುವ ಆಳ 20ರಿಂದ 25 ಕಿಲೋಮೀಟರ್. ಬೆಂಗಳೂರಿನ ಲಾಲ್‌ಬಾಗಿನ ಬಂಡೆ ನೋಡಿದವರು ಈ ದಾರಿಯಲ್ಲಿ ದಕ್ಷಿಣಕ್ಕೆ ಬಂದರೆ ಸವೆದುಹೋದ ಪರ್ವತದ ಬುಡಕ್ಕೆ, ಮೇಲಿನಿಂದ ಕೆಳಕ್ಕೆ, ನಡೆದುಕೊಂಡೇ ಇಳಿಯುತ್ತಾರೆ. ಪೂರ್ವ–ಪಶ್ಚಿಮದ ಡೈಕ್‌ಗಳ ದೊಡ್ಡ ಹಿಂಡೊಂದು ಬೆಂಗಳೂರು, ಹಿಂದೂಪುರ ಸೀಮೆಯ ಉದ್ದಗಲಕ್ಕೂ ಹರಡಿದೆ. ಅದರ ವಯಸ್ಸು ಸುಮಾರು 237 ಕೋಟಿ ವರ್ಷ. ನಮ್ಮ ನೇರ ಡೈಕ್ ಆ ಹಿಂಡಿನದಾದರೆ ಬಂಡೆಯ ಶಿಯರ್ 237 ಕೋಟಿ ವರ್ಷಕ್ಕಿಂತ ಹಿಂದೆಯೇ ಮುಗಿದಿರಬೇಕು.

ಹಿಂಡಿನದಾದರೆ ಎಂದೆ. ಏಕೆಂದರೆ ಬರೀ ದಿಕ್ಕು ನೋಡಿ ಡೈಕ್‌ನ ವಯಸ್ಸು ಹೇಳಬಾರದು. ಧಾರವಾಡದಲ್ಲಿ 221 ಕೋಟಿ, 188 ಕೋಟಿ, 119 ಕೋಟಿ ವರ್ಷದ ಡೈಕ್‌ಗಳೂ ಇವೆ. ಆದರೂ ಒಂದು ಮಾತನ್ನು ಈಗಲೇ ಹೇಳಬಹುದು. ದಕ್ಷಿಣಕ್ಕೆ ಕಾವೇರಿ, ಭವಾನಿಗಳ ಉದ್ದಕ್ಕಿರುವ ಶಿಯರ್ ವಲಯಗಳ ಸೀಮೆಯನ್ನು 55 ಕೋಟಿ ವರ್ಷಗಳ ಹಿಂದೆ, ಗೊಂಡ್ವಾನ ಎಂಬ ಮಹಾಖಂಡ ಕೂಡಿಕೊಂಡಾಗ, ಇನ್ನೊಂದು ಪರ್ವತಜನನ ಹಿಡಿದು ಅಲುಗಿಸಿತು. ಮೇಲಿನ ನಾಲ್ಕರಲ್ಲಿ ಯಾವ ವಯಸ್ಸಿನದಾದರೂ ನಮ್ಮ ನೇರ ಡೈಕ್ ಆ ಕಾಲಕ್ಕೆ ಮೊದಲೇ ಇಲ್ಲಿತ್ತು. ಅದು ಬಾಗಿಲ್ಲ. ದಕ್ಷಿಣವನ್ನು ಕಲಕಿದ ಆ ಬಲ ಈ ಬಂಡೆಯನ್ನು ಬಗ್ಗಿಸುವಷ್ಟು ಇಲ್ಲಿಗೆ ತಲುಪಲಿಲ್ಲ ಎಂಬುದಕ್ಕೆ ಅಷ್ಟು ಸಾಕು.

ಬಾಗದ ಡೈಕ್‌ಗೆ ಏನೂ ಆಗಿಲ್ಲ ಎಂದೂ ತಿಳಿಯಬಾರದು. ಅದರ ತೆಳುಸೀಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಫೆಲ್ಡ್‌ಸ್ಪಾರ್ ಹರಳುಗಳು ತಿಳಿಯಾಗಿಲ್ಲ, ಕಂದು ಮೋಡ ಕವಿದಿದೆ. ಕಬ್ಬಿಣದ ಅತಿ ಸೂಕ್ಷ್ಮ ಕಣಗಳು ಹರಳಿನೊಳಗೆ ಬೇರ್ಪಟ್ಟು ಹೀಗಾಗಿದೆ. ಆಳದ ಕಾವಿನಲ್ಲಿ ಬಹುಕಾಲ ನೆನೆದ ಡೈಕ್‌ಗಳ ಲಕ್ಷಣವಿದು. ಹೆನ್ರಿ ಹಾಲ್ಸ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಧಾರವಾಡದ 237 ಕೋಟಿ ವರ್ಷದ ಡೈಕ್‌ಗಳಲ್ಲಿ ಈ ಮೋಡ ದಕ್ಷಿಣಕ್ಕೆ ಹೋದಂತೆ ದಟ್ಟವಾಗುತ್ತದೆ. ಅಂದರೆ ದಕ್ಷಿಣದ ತುದಿ ಹೆಚ್ಚು ಆಳದಿಂದ ಮೇಲೆದ್ದಿದೆ, ಆ ಏಳುವಿಕೆಯ ಒಂದು ಪಾಲು ಡೈಕ್‌ಗಳು ಬಂದ ಮೇಲೆಯೇ ನಡೆದಿದೆ. ಬಿಳುಪಾಗಿರಬೇಕಾದ ಫೆಲ್ಡ್‌ಸ್ಪಾರ್ ಕಪ್ಪಾದ್ದರಿಂದಲೇ ಇಂಥ ಕಲ್ಲು ಮೆರುಗು ಕೊಟ್ಟಾಗ ಅಷ್ಟು ಅಚ್ಚ ಕಪ್ಪಾಗಿ ಕಾಣುತ್ತದೆ. ಅದಕ್ಕೆ ಬೆಲೆಯೂ ಅದರಿಂದಲೇ. ಮಾರುಕಟ್ಟೆ ಹುಡುಕುವ ಗುಣ ಮತ್ತು ಭೂಮಿಯ ಚರಿತ್ರೆ ಬರೆದಿರುವ ಗುಣ ಎರಡೂ ಒಂದೇ ಆಗಿರುವುದು ಈ ಡೈಕ್‌ಗಳ ದುರದೃಷ್ಟ. ಕಡಿಯಲು ಆರಿಸುವುದು ಯಾವಾಗಲೂ ಹೇಳಲು ಹೆಚ್ಚು ಇರುವ ಕಲ್ಲನ್ನೇ.

ಗುತ್ತಿಗೆದಾರರಿಗೆ ನಾನು ಬರೆದುಕೊಟ್ಟ ಅಭಿಪ್ರಾಯ ಚಿಕ್ಕದು. ಹಾಸುಬಂಡೆಯ 30 ಮೀಟರ್ ಪಟ್ಟೆಯೊಳಗೆ ದಿಮ್ಮಿ ಸಿಗುವುದಿಲ್ಲ. ಗಂಟುಗಳು ಚಿಕ್ಕವು, ಒಳಗೆ ಪದರಿದೆ, ಗರಗಸಕ್ಕೆ ಕೊಟ್ಟರೆ ಬಿಟ್ಟುಕೊಳ್ಳುತ್ತವೆ. ಉತ್ತರಕ್ಕೆ ಅಗೆದಷ್ಟೂ ನಷ್ಟ. ನೇರ ಡೈಕ್ ಪಟ್ಟೆಯನ್ನು ದಾಟುವ ಸಂಧಿಯಲ್ಲಿ ಮಾತ್ರ ಒಳ್ಳೆಯ ಕಲ್ಲಿದೆ. ಅದನ್ನು ಬಿಟ್ಟುಬಿಡಿ ಎಂದು ಕೇಳಿಕೊಂಡೆ, ಏಕೆ ಎಂಬುದನ್ನು ಸ್ಥಳದಲ್ಲೇ ತೋರಿಸಿದೆ. ವಿಸ್ತರಣೆಯ ಅರ್ಜಿಯನ್ನು ಅವರು ಮುಂದಕ್ಕೆ ಒಯ್ಯಲಿಲ್ಲ. ನಷ್ಟದ ಮಾತೇ ಅವರಿಗೆ ಹೆಚ್ಚು ನಾಟಿರಬೇಕು. ಸಂಧಿಯ ಬಗ್ಗೆ ಹಳ್ಳಿಯವರ ನಿಲುವು ಗಟ್ಟಿಯಾಗಿತ್ತು: ಕಣ ಹೋದರೆ ರಾಗಿ ಬಡಿಯುವುದೆಲ್ಲಿ? ಚೆನ್ನೈ ಬಳಿಯ ಸೇಂಟ್ ಥಾಮಸ್ ಮೌಂಟ್‌ನ ಚಾರ್ನೊಕೈಟ್‌ಗೆ, ಲಾಲ್‌ಬಾಗಿನ ನೈಸ್‌ಗೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂಬ ಮನ್ನಣೆಯಿದೆ. ಮೂರು ಘಟನೆಗಳನ್ನು ಒಂದೇ ಕಣದಷ್ಟು ಜಾಗದಲ್ಲಿ ಕ್ರಮವಾಗಿ ತೋರಿಸುವ ಇಂಥ ಬಂಡೆಗಳನ್ನು ಕನಿಷ್ಠ ಜಿಲ್ಲೆಯ ಮಟ್ಟದಲ್ಲಾದರೂ ಗುರುತಿಸಿ, ಗಣಿ ಗುತ್ತಿಗೆಯ ನಕ್ಷೆಯಿಂದ ಹೊರಗಿಡಬೇಕು. ಇದನ್ನು ಎಲ್ಲಿ ಬೇಕಾದರೂ ನಿಂತು ವಾದಿಸಲು ನಾನು ಸಿದ್ಧ.

ಇನ್ನು ಉಳಿದಿರುವುದು ವಯಸ್ಸು. ಡಾಲರೈಟ್ ಗಟ್ಟಿಯಾಗುವ ಕೊನೆಯ ಹಂತದಲ್ಲಿ ಬ್ಯಾಡಲೈಟ್ ಎಂಬ ಜಿರ್ಕೋನಿಯಂ ಆಕ್ಸೈಡಿನ ಸಣ್ಣ ಹರಳುಗಳು ಮೂಡುತ್ತವೆ. ಅದರಲ್ಲಿನ ಯುರೇನಿಯಂ ಸೀಸವಾಗಿ ಬದಲಾದ ಪ್ರಮಾಣ ಅಳೆದರೆ ಡೈಕ್ ಹುಟ್ಟಿದ ಕಾಲ ಸಿಗುತ್ತದೆ. ಸುತ್ತಲಿನ ಶಿಲೆಯಿಂದ ಕದ್ದುಬರುವ ಹರಳು ಇದಲ್ಲವಾದ್ದರಿಂದ ಈ ವಯಸ್ಸಿಗೆ ನಂಬಿಕೆ ಹೆಚ್ಚು. ಬಗ್ಗಿದ ಡೈಕ್‌ನಲ್ಲಿ ಇನ್ನೂ ಒಂದು ಲಾಭವಿದೆ: ರೂಪಾಂತರದ ಕಾವಿನಲ್ಲಿ ಬ್ಯಾಡಲೈಟ್‌ನ ಅಂಚು ಜಿರ್ಕಾನ್ ಎಂಬ ಇನ್ನೊಂದು ಖನಿಜವಾಗುತ್ತದೆ. ತಿರುಳು ಹುಟ್ಟಿದ ಕಾಲವನ್ನೂ ಅಂಚು ರೂಪಾಂತರದ ಕಾಲವನ್ನೂ ಹೇಳಿದರೆ, ಒಂದೇ ಡೈಕ್‌ನಿಂದ ಎರಡು ತಾರೀಖು. ಮಾದರಿ ತೆಗೆಯುವ ಜಾಗಗಳನ್ನು ಹುಡುಗರು ಗುರುತು ಹಾಕಿಟ್ಟಿದ್ದಾರೆ. ನೇರ ಡೈಕ್‌ನಲ್ಲಿ ನಟ್ಟನಡುವೆ, ಹರಳುಗಳು ಎಲ್ಲಕ್ಕಿಂತ ದಪ್ಪವಾಗಿರುವ ಕಡೆ. ಹಳೆಯ ಡೈಕ್‌ನಲ್ಲಿ ಎರಡು ಕಡೆ: ಪಟ್ಟೆಯ ಹೊರಗೆ ಒಂದು, ಪಟ್ಟೆಯೊಳಗಿನ ಅತಿ ದೊಡ್ಡ ಗಂಟಿನ ಹೊಟ್ಟೆಯಲ್ಲಿ ಒಂದು. ಬೇಗ ತಣಿದ ಅಂಚಿನ ಕಲ್ಲು ಈ ಕೆಲಸಕ್ಕೆ ಬರುವುದಿಲ್ಲ.